ತುಂಡು ಹೊಟ್ಟೆಗಿಳಿಯಿತು, ಆದರೆ ಸಿಕ್ಕಿಕೊಂಡಿದ್ದು ಯಾಕೆ?

ಪ್ರಶ್ನೆ: ನನಗೆ 41 ವರ್ಷ. ಮಂಡ್ಯ ಜಿಲ್ಲೆಯವನು. ಹೋದ ತಿಂಗಳು ಬೀಗರ ಊಟದಲ್ಲಿ ಮುದ್ದೆಯ ಜೊತೆ ನುಂಗಿದ ಮಟನ್ ತುಂಡು ಎದೆಯ ಹತ್ತಿರ ಸಿಕ್ಕಿಕೊಂಡಿತು. ಉಸಿರಾಟಕ್ಕೆ ತೊಂದರೆ ಇರಲಿಲ್ಲ, ಮಾತೂ ಬರುತ್ತಿತ್ತು. ಆದರೆ ಕುಡಿದ ನೀರು ಹಾಗೇ ವಾಪಸ್ ಬರುತ್ತಿತ್ತು. ನನ್ನ ಎಂಜಲನ್ನೂ ನುಂಗಲು ಆಗಲಿಲ್ಲ. ಗಂಟಲಿಗೆ ಬೆರಳು ಹಾಕಿ ವಾಂತಿ ಮಾಡಲು ನೋಡಿದೆ. ಒಬ್ಬರು ಕೋಲಾ ಕುಡಿಸಿದರು. ಇನ್ನೊಬ್ಬರು ಪರಂಗಿಕಾಯಿ ರಸ ಕುಡಿದರೆ ಮಾಂಸ ಕರಗುತ್ತದೆ ಎಂದರು. ಐದು ಗಂಟೆ ಕಾದು ಆಸ್ಪತ್ರೆಗೆ ಹೋದೆ. ಬಾಯಿಯಿಂದ ಕ್ಯಾಮೆರಾ ಇರುವ ನಳಿಕೆ ಇಳಿಸಿ, ಅಂದರೆ ಎಂಡೋಸ್ಕೋಪಿ ಮಾಡಿ, ತುಂಡನ್ನು ಹೊಟ್ಟೆಗೆ ತಳ್ಳಿದರು. 'ಅನ್ನನಾಳ ಸ್ವಲ್ಪ ಕಿರಿದಾಗಿದೆ, ಮತ್ತೆ ಬನ್ನಿ' ಎಂದರು. ಆರಾಮಾಯಿತಲ್ಲ ಎಂದು ನಾನು ಹೋಗಲಿಲ್ಲ. ಆರು ವರ್ಷದಲ್ಲಿ ಹೀಗಾಗಿದ್ದು ಮೂರನೇ ಸಲ. ಮೊದಲೆರಡು ಸಲ ತಾನಾಗಿಯೇ ಇಳಿದಿತ್ತು. ತೂಕ ಇಳಿದಿಲ್ಲ. ಬೀಡಿ, ಗುಟ್ಕಾ ಇಲ್ಲ. ಚಿಕ್ಕಂದಿನಲ್ಲಿ ಉಬ್ಬಸ ಇತ್ತು, ಈಗಲೂ ಧೂಳಿಗೆ ಸೀನು ಬರುತ್ತದೆ. ಎದೆ ಉರಿ ಬಂದಾಗ ಆಮ್ಲ ಕಡಿಮೆ ಮಾಡುವ ಪ್ಯಾಂಟೊಪ್ರಜೋಲ್ ಮಾತ್ರೆ ತಗೊಳ್ಳುತ್ತೇನೆ. ಮೊದಲಿನಿಂದಲೂ ನನ್ನ ಊಟ ನಿಧಾನ, ತುತ್ತಿಗೊಂದು ಗುಟುಕು ನೀರು ಬೇಕು. ಇದು ಕ್ಯಾನ್ಸರ್ ಇರಬಹುದಾ? ಮುದ್ದೆ ಬಿಡಬೇಕಾ? ಮುಂದೆ ಏನಾಗುತ್ತದೆ? ಅಂದಹಾಗೆ, ಹನ್ನೊಂದು ವರ್ಷದ ನನ್ನ ಮಗಳೂ ಊಟಕ್ಕೆ ಗಂಟೆಗಟ್ಟಲೆ ಕೂರುತ್ತಾಳೆ.

ಉತ್ತರ: ನಿಮ್ಮ ಪತ್ರದಲ್ಲಿ ಎರಡು ಭಯ ಕಾಣುತ್ತಿವೆ. ಒಂದು ಕ್ಯಾನ್ಸರಿನದು. ಇನ್ನೊಂದು, ಹುಟ್ಟಿದಾಗಿನಿಂದ ಉಂಡ ಊಟವನ್ನೇ ಬಿಡಬೇಕೇನೋ ಅನ್ನುವುದು. ಎರಡಕ್ಕೂ ಉತ್ತರ ಹೇಳುತ್ತೇನೆ. ಆದರೆ ನನ್ನನ್ನು ಹೆಚ್ಚು ಯೋಚನೆಗೆ ಹಚ್ಚಿದ್ದು ನೀವು ಭಯವಿಲ್ಲದೆ ಬರೆದ ಸಾಲು. 'ಮೊದಲಿನಿಂದಲೂ ನನ್ನ ಊಟ ನಿಧಾನ, ತುತ್ತಿಗೊಂದು ಗುಟುಕು ನೀರು ಬೇಕು.' ಅದು ಸ್ವಭಾವ ಅಲ್ಲದೆ ಇರಬಹುದು.

ಮೊದಲು ಒಂದು ಗೊಂದಲ ತೀರಿಸಿಬಿಡೋಣ. ಊಟ ಮಾಡುವಾಗ ಕೆಮ್ಮು ಬಂದರೆ 'ನೆತ್ತಿಗೆ ಹತ್ತಿತು' ಅನ್ನುತ್ತೇವೆ, ಯಾರೋ ನೆನೆಸಿಕೊಂಡರು ಅಂತ ತಲೆ ತಟ್ಟುತ್ತೇವೆ. ಅದು ನೀರೋ ಅನ್ನವೋ ಉಸಿರಿನ ದಾರಿಗೆ ಹೋಗಿದ್ದು. ಅಲ್ಲಿ ದೊಡ್ಡ ತುಂಡು ಸಿಕ್ಕಿಕೊಂಡರೆ ಮಾತು ನಿಲ್ಲುತ್ತದೆ, ಉಸಿರು ನಿಲ್ಲುತ್ತದೆ, ಮುಖ ನೀಲಿಯಾಗುತ್ತದೆ. ಆಗ ಇರುವುದು ಕೆಲವೇ ನಿಮಿಷ. ಮುಂದಕ್ಕೆ ಬಗ್ಗಿಸಿ ಎರಡು ಹೆಗಲ ಮೂಳೆಗಳ ನಡುವೆ ಐದು ಸಲ ಜೋರಾಗಿ ಹೊಡೆಯಬೇಕು. ಬರದಿದ್ದರೆ ಹಿಂದಿನಿಂದ ತಬ್ಬಿ ಹೊಕ್ಕುಳಿನ ಮೇಲ್ಭಾಗವನ್ನು ಐದು ಸಲ ಒಳಕ್ಕೂ ಮೇಲಕ್ಕೂ ಒತ್ತಬೇಕು. ನಿಮಗೆ ಆಗಿದ್ದು ಅದಲ್ಲ. ಮಾತು ಬರುತ್ತಿತ್ತು, ಉಸಿರು ಸರಾಗ ಇತ್ತು, ಎಂಜಲು ಮಾತ್ರ ಇಳಿಯುತ್ತಿರಲಿಲ್ಲ ಅಂದರೆ ತುಂಡು ಇದ್ದದ್ದು ಅನ್ನನಾಳದಲ್ಲಿ. ಬೆನ್ನಿಗೆ ಹೊಡೆಯುವುದು, ಹೊಟ್ಟೆ ಒತ್ತುವುದು ಇದಕ್ಕೆ ಮದ್ದಲ್ಲ.

ಅನ್ನನಾಳ ದೊಡ್ಡವರಲ್ಲಿ ಸುಮಾರು 25 ಸೆಂಟಿಮೀಟರ್ ಉದ್ದ. ಅದು ನಲ್ಲಿ ಪೈಪಿನ ಹಾಗೆ ಸುಮ್ನೆ ಇಳಿಜಾರಲ್ಲ. ಸ್ನಾಯುಗಳ ಕೊಳವೆ ಅದು. ತುತ್ತಿನ ಹಿಂದೆ ಹಿಂಡುತ್ತಾ, ಮುಂದೆ ಸಡಿಲವಾಗುತ್ತಾ ಕೆಳಕ್ಕೆ ದೂಡುತ್ತದೆ. ಮಲಗಿಕೊಂಡು ನುಂಗಿದರೂ ತುತ್ತು ಹೊಟ್ಟೆಗೆ ಹೋಗುವುದು ಇದರಿಂದಲೇ. ಚೆನ್ನಾಗಿರುವ ಅನ್ನನಾಳ ಎರಡು ಸೆಂಟಿಮೀಟರಿಗಿಂತ ಜಾಸ್ತಿ ಹಿಗ್ಗಬಲ್ಲದು. ಎಲ್ಲಾದರೂ ಒಂದು ಕಡೆ 13 ಮಿಲಿಮೀಟರಿಗಿಂತ ಕಿರಿದಾದರೆ ಗಟ್ಟಿ ಆಹಾರ ಆಗಾಗ ತಡೆಯಲು ಶುರುವಾಗುತ್ತದೆ. 13 ಮಿಲಿಮೀಟರ್ ಅಂದರೆ ಹೆಚ್ಚುಕಡಿಮೆ ನಿಮ್ಮ ಕಿರುಬೆರಳಿನ ದಪ್ಪ. ಅದರಲ್ಲಿ ಸಾರು ಹೋಗುತ್ತದೆ, ಅನ್ನ ಹೋಗುತ್ತದೆ, ಮುದ್ದೆಯೂ ಜಾರಿಕೊಂಡು ಹೋಗಬಹುದು. ನಾರಿರುವ ಮಟನ್ ತುಂಡು ಮಾತ್ರ ಆಕಾರ ಬದಲಿಸುವುದಿಲ್ಲ.

ಇನ್ನೊಂದು ವಿಷಯ. ಗಂಟಲ ಗುಳಿಯ ಹತ್ತಿರ ಸಿಕ್ಕಿದೆ ಅಂತ ಕೈಯಿಟ್ಟು ತೋರಿಸುವ ಎಷ್ಟೋ ಜನರಲ್ಲಿ ತುಂಡು ಇರುವುದು ಹೊಟ್ಟೆಯ ಬಾಗಿಲಲ್ಲಿ. ಅನ್ನನಾಳ ನೋವಿನ ಜಾಗವನ್ನು ಸರಿಯಾಗಿ ಹೇಳುವುದಿಲ್ಲ. ಹಾಗಾಗಿ 'ಗಂಟಲು ನೋಡಿದರು, ಏನೂ ಇಲ್ಲವಂತೆ' ಅಂತ ಅಲ್ಲಿಗೇ ಬಿಡಬಾರದು.

ಅವತ್ತು ನೀವು ಮಾಡಿದ್ದರ ಬಗ್ಗೆ ಸ್ವಲ್ಪ ಖಾರವಾಗಿಯೇ ಹೇಳಬೇಕು, ಬೇಜಾರು ಮಾಡಿಕೊಳ್ಳಬೇಡಿ. ಬೆರಳು ಹಾಕಿ ವಾಂತಿ ಮಾಡಲು ಹೋದದ್ದು ಎಲ್ಲಕ್ಕಿಂತ ಅಪಾಯದ ಕೆಲಸ. ಮೇಲೆ ದಾರಿ ಮುಚ್ಚಿದೆ, ಕೆಳಗಿನಿಂದ ಹೊಟ್ಟೆ ಜೋರಾಗಿ ನೂಕುತ್ತಿದೆ ಅಂದರೆ ಅನ್ನನಾಳದ ಗೋಡೆಯೇ ಹರಿಯಬಹುದು. ಹಾಲೆಂಡಿನ ವೈದ್ಯ ಹರ್ಮನ್ ಬೂರ್‌ಹಾವ 1724ರಲ್ಲಿ ಇಂಥದ್ದೇ ಸಾವೊಂದನ್ನು ಬರೆದಿಟ್ಟಿದ್ದಾರೆ. ಭರ್ಜರಿ ಊಟದ ನಂತರ ನೌಕಾಪಡೆಯ ಅಧಿಕಾರಿಯೊಬ್ಬರು ಬಲವಂತವಾಗಿ ವಾಂತಿ ಮಾಡಿಕೊಳ್ಳಲು ಹೋಗಿ ಅನ್ನನಾಳ ಹರಿದುಕೊಂಡು ತೀರಿಕೊಂಡರು. ಇವತ್ತು ಬದುಕಿಸುವ ದಾರಿಗಳಿವೆ. ಆದರೂ ಅದು ತುಂಬಾ ಗಂಭೀರ ಸ್ಥಿತಿ. ಒಳಗೆ ಊತ ಇದ್ದು ಗೋಡೆ ಸೂಕ್ಷ್ಮವಾಗಿರುವವರಲ್ಲಿ ಈ ಅಪಾಯ ಇನ್ನೂ ಜಾಸ್ತಿ. ನಿಮ್ಮದು ಅಂಥ ಅನ್ನನಾಳ ಇರಬಹುದು ಅನ್ನುವುದು ನನ್ನ ಅನುಮಾನ. ಅದನ್ನು ಮುಂದೆ ಹೇಳುತ್ತೇನೆ.

ಪರಂಗಿಕಾಯಿ ರಸ ಕುಡಿಯದೆ ಇದ್ದದ್ದು ಒಳ್ಳೆಯದಾಯಿತು. ಬಿರಿಯಾನಿ ಮಾಡುವವರು ಗಟ್ಟಿ ಮಾಂಸ ಬೇಗ ಬೇಯಲಿ ಅಂತ ಪರಂಗಿಕಾಯಿ ಹಾಕುವುದು ನಿಜ. ಆದರೆ ಮಾಂಸವನ್ನು ಮೆತ್ತಗೆ ಮಾಡುವ ಆ ಅಂಶಕ್ಕೆ ಕುರಿಯ ಮಾಂಸ ಯಾವುದು, ನಿಮ್ಮ ಅನ್ನನಾಳ ಯಾವುದು ಅನ್ನುವ ಭೇದ ಇಲ್ಲ. ಹಿಂದೆ ವೈದ್ಯರೇ ಇದರ ಪುಡಿಯನ್ನು ಬಳಸುತ್ತಿದ್ದರು. ಅನ್ನನಾಳ ತೂತಾದದ್ದನ್ನು ಕಂಡು ಬಿಟ್ಟುಬಿಟ್ಟರು. ಕೋಲಾ ವಿಷಯಕ್ಕೆ ಬಂದರೆ, ನೆದರ್‌ಲ್ಯಾಂಡ್ಸ್‌ನ ಐದು ಆಸ್ಪತ್ರೆಗಳಲ್ಲಿ ಹೀಗೆ ಆಹಾರ ಸಿಕ್ಕಿಕೊಂಡಿದ್ದ 51 ಜನರ ಮೇಲೆ ನಡೆದ ಪರೀಕ್ಷೆಯ ಫಲಿತಾಂಶ 2023ರಲ್ಲಿ ಬಂತು. ಕೋಲಾ ಕುಡಿದವರಲ್ಲಿ ನೂರಕ್ಕೆ 61 ಜನರಿಗೆ ತುಂಡು ಸಡಿಲವಾಯಿತು. ಏನೂ ಕುಡಿಯದೆ ಕಾದವರಲ್ಲೂ ಅಷ್ಟೇ ಮಂದಿಗೆ ಸಡಿಲವಾಯಿತು. ಅಂದರೆ ಇಳಿಯುವುದಿದ್ದರೆ ತಾನಾಗಿಯೇ ಇಳಿಯುತ್ತದೆ, ಹೆಸರು ಮಾತ್ರ ಕೋಲಾಗೆ. ಪೂರ್ತಿ ಮುಚ್ಚಿರುವಾಗ ಏನು ಕುಡಿದರೂ ಅದು ಶ್ವಾಸಕೋಶಕ್ಕೆ ಇಳಿಯುವ ಭಯ ಬೇರೆ. ಬಾಳೆಹಣ್ಣು ನುಂಗು, ಅನ್ನದ ಉಂಡೆ ನುಂಗು ಅನ್ನುವುದೂ ಇದೇ ಸಾಲಿಗೆ ಸೇರಿದ್ದು. ಮೀನಿನ ಮುಳ್ಳು ಚುಚ್ಚಿಕೊಂಡಿದ್ದರಂತೂ ಆ ಉಂಡೆ ಮುಳ್ಳನ್ನು ಇನ್ನೂ ಆಳಕ್ಕೆ ನೆಡುತ್ತದೆ.

ಇನ್ನೊಮ್ಮೆ ಹೀಗಾದರೆ ನೆಟ್ಟಗೆ ಕೂತುಕೊಳ್ಳಿ. ಎಂಜಲನ್ನು ನುಂಗಲು ಹೋಗದೆ ಉಗುಳಿ. ಏನೂ ತಿನ್ನಬೇಡಿ, ಕುಡಿಯಬೇಡಿ. ಎಂಜಲೂ ಇಳಿಯುತ್ತಿಲ್ಲ ಅಂದರೆ ಆ ಕ್ಷಣವೇ ಎಂಡೋಸ್ಕೋಪಿ ಇರುವ ಆಸ್ಪತ್ರೆಗೆ ಹೊರಡಿ. ಎರಡು ಗಂಟೆಯೊಳಗೆ ತೆಗೆಯುವುದು ಒಳ್ಳೆಯದು, ಆರು ಗಂಟೆ ದಾಟಬಾರದು. ಎಂಜಲು, ನೀರು ಇಳಿಯುತ್ತಿದ್ದು ತುಂಡು ಮಾತ್ರ ಕೂತಿದೆ ಅನಿಸಿದರೂ 24 ಗಂಟೆ ದಾಟಿಸಬೇಡಿ. ಒಂದೇ ಜಾಗದಲ್ಲಿ ಕೂತ ತುಂಡು ಗೋಡೆಯನ್ನು ಒತ್ತಿ ಒತ್ತಿ ಹುಣ್ಣು ಮಾಡುತ್ತದೆ, ತೂತೂ ಮಾಡಬಹುದು. ಎದೆಯಲ್ಲೋ ಬೆನ್ನಿನಲ್ಲೋ ತಡೆಯಲಾರದ ನೋವು, ಜ್ವರ, ಕುತ್ತಿಗೆ ಊದಿಕೊಂಡು ಮುಟ್ಟಿದರೆ ಚರಚರ ಅನ್ನುವುದು, ಇವು ತೂತಾಗಿರುವುದರ ಗುರುತು. ಗಡಿಯಾರ ಬ್ಯಾಟರಿಯನ್ನು ಮಕ್ಕಳು ನುಂಗಿದ್ದರೆ ಮಾತ್ರ ಈ ಯಾವ ಲೆಕ್ಕವೂ ಇಲ್ಲ. ಎರಡು ಗಂಟೆಯಲ್ಲೇ ಸುಟ್ಟುಬಿಡುತ್ತದೆ, ಓಡಬೇಕು.

ಈಗ ಮುಖ್ಯ ಮಾತಿಗೆ ಬರೋಣ. 'ಅವಸರವಾಗಿ ತಿಂದೆ, ಅದಕ್ಕೇ ಸಿಕ್ಕಿತು' ಅಂತ ಹೆಚ್ಚಿನವರು ಅಂದುಕೊಳ್ಳುತ್ತಾರೆ. ಬೀಗರ ಊಟದಲ್ಲಿ ಮಾತು ಜಾಸ್ತಿ, ಅಗಿಯುವುದು ಕಡಿಮೆ. ಮುದ್ದೆಯನ್ನು ಅಗಿಯುವ ಪದ್ಧತಿಯೇ ಇಲ್ಲ, ಅದರ ಮರೆಯಲ್ಲಿ ಬಾಡಿನ ತುಂಡೂ ಅಗಿಯದೆ ಇಳಿದುಬಿಡುತ್ತದೆ. ಇದೆಲ್ಲ ನಿಜ. ಆದರೆ ಅದೇ ಪಂಕ್ತಿಯಲ್ಲಿ ನೂರಾರು ಜನ ಹಾಗೇ ಉಂಡರು, ಅವರಿಗೆ ಯಾರಿಗೂ ಸಿಕ್ಕಲಿಲ್ಲ ಅಲ್ವಾ? ಅವಸರ ಒಂದು ನೆಪ. ಎಂಡೋಸ್ಕೋಪಿಯಲ್ಲಿ ತುಂಡು ತೆಗೆಸಿಕೊಂಡ ದೊಡ್ಡವರಲ್ಲಿ ಹೆಚ್ಚಿನವರಿಗೆ, ಹುಡುಕಿದರೆ, ಒಳಗೊಂದು ಕಾರಣ ಸಿಗುತ್ತದೆ. ಆರು ವರ್ಷದಲ್ಲಿ ಮೂರು ಸಲ ಆದವರಲ್ಲಂತೂ ಹುಡುಕದೆ ಬಿಡುವ ಹಾಗೇ ಇಲ್ಲ.

ನಿಧಾನದ ಊಟದ ಬಗ್ಗೆ ಹೇಳಿದೆನಲ್ಲ. ನನ್ನ ಹತ್ತಿರ ಬರುವ ಇಂಥವರನ್ನು 'ನುಂಗಲು ಕಷ್ಟ ಆಗುತ್ತಾ?' ಅಂತ ಕೇಳಿದರೆ 'ಇಲ್ಲ ಡಾಕ್ಟ್ರೇ' ಅನ್ನುತ್ತಾರೆ. ಜೊತೆಗೆ ಬಂದ ಹೆಂಡತಿಯನ್ನು ಕೇಳಿದರೆ ಬೇರೆಯೇ ಕಥೆ. ಎಲ್ಲರೂ ಕೈ ತೊಳೆದ ಮೇಲೂ ಇವರು ಉಣ್ಣುತ್ತಿರುತ್ತಾರಂತೆ. ಚಪಾತಿ ಕೊಟ್ಟರೆ ಸಾರಿನಲ್ಲಿ ನೆನೆಸಿಯೇ ತಿನ್ನುತ್ತಾರಂತೆ. ಮಾತ್ರೆ ಕೊಟ್ಟರೆ ಮುರಿಯುತ್ತಾರಂತೆ. ಮದುವೆ ಮನೆಗೆ ಹೋದರೆ ಬರೀ ಮೊಸರನ್ನ. ದಾರಿ ಕಿರಿದಾಗುತ್ತಾ ಬಂದ ಹಾಗೆ ಇವರು ತಮಗೇ ಗೊತ್ತಿಲ್ಲದಂತೆ ಊಟವನ್ನು ಬದಲಿಸಿಕೊಂಡಿರುತ್ತಾರೆ. ಅದರಿಂದ ತೊಂದರೆ ಮುಚ್ಚಿಹೋಗುತ್ತದೆ, ವರ್ಷಗಳು ಕಳೆದುಹೋಗುತ್ತವೆ. ಇವತ್ತು ರಾತ್ರಿ ನಿಮ್ಮ ಮನೆಯವರನ್ನೊಮ್ಮೆ ಕೇಳಿ ನೋಡಿ.

ನಿಮಗೆ ಆಗಿರಬಹುದಾದದ್ದು ಮುಖ್ಯವಾಗಿ ಮೂರು. ಮೊದಲನೆಯದು, ವರ್ಷಗಟ್ಟಲೆ ಹೊಟ್ಟೆಯ ಆಮ್ಲ ಮೇಲೆ ಬಂದು ಅನ್ನನಾಳದ ಕೆಳತುದಿ ಸುಟ್ಟು, ಗಾಯ ಮಾಗಿ, ಬಿಗಿದುಕೊಳ್ಳುವುದು. ಎದೆ ಉರಿ ಇದೆ ಎಂದಿದ್ದೀರಿ, ಹಾಗಾಗಿ ಸಾಧ್ಯ. ಎರಡನೆಯದು, ಅದೇ ಜಾಗದಲ್ಲಿ ಬಳೆಯ ಹಾಗೆ ತೆಳ್ಳನೆಯ ಒಂದು ಮಡಿಕೆ. ಇದನ್ನು 1953ರಲ್ಲಿ ವಿವರಿಸಿದ ರಿಚರ್ಡ್ ಶಾಟ್ಸ್ಕಿ ಅವರ ಹೆಸರಲ್ಲೇ ಶಾಟ್ಸ್ಕಿ ರಿಂಗ್ ಅನ್ನುತ್ತೇವೆ. ಮಧ್ಯೆ ತಿಂಗಳುಗಟ್ಟಲೆ ಏನೂ ಇರುವುದಿಲ್ಲ. ಒಂದು ದಿನ ಬಾಡೂಟದಲ್ಲಿ ದಿಢೀರನೆ ಸಿಕ್ಕಿಕೊಳ್ಳುತ್ತದೆ.

ಮೂರನೆಯದರ ಮೇಲೆ ನನಗೆ ಅನುಮಾನ ಜಾಸ್ತಿ. ಚಿಕ್ಕಂದಿನ ಉಬ್ಬಸ, ಧೂಳಿನ ಅಲರ್ಜಿ, ಗಂಡಸು, ನಲವತ್ತರ ಆಸುಪಾಸು, ಮತ್ತೆ ಮತ್ತೆ ಸಿಕ್ಕಿಕೊಳ್ಳುವುದು. ಇವೆಲ್ಲ ಒಂದೇ ಕಡೆ ಬೆರಳು ತೋರಿಸುತ್ತವೆ. ಅದರ ಹೆಸರು ಇಯೊಸಿನೊಫಿಲಿಕ್ ಈಸೊಫಜೈಟಿಸ್. ಸರಳವಾಗಿ ಅನ್ನನಾಳದ ಅಲರ್ಜಿ ಊತ ಅಂದುಕೊಳ್ಳಿ. ಅಲರ್ಜಿಯಲ್ಲಿ ಹೆಚ್ಚುವ ಇಯೊಸಿನೊಫಿಲ್ ಅನ್ನುವ ರಕ್ತಕಣಗಳು ಅನ್ನನಾಳದ ಗೋಡೆಯೊಳಗೆ ಬಂದು ಕೂರುತ್ತವೆ. ಅವು ಅಲ್ಲಿ ಇರಲೇಬಾರದು. ಕೂತಲ್ಲಿ ಊತ, ಊತ ಹಳೆಯದಾದರೆ ನಾರು, ನಾರು ಬೆಳೆದರೆ ಬಿಗಿ. ಇದನ್ನು ಬೇರೆಯೇ ಕಾಯಿಲೆ ಅಂತ ವೈದ್ಯರು ಗುರುತಿಸಿದ್ದು 1990ರ ದಶಕದ ಮೊದಲಿಗೆ. ಹೆಂಗಸರಿಗಿಂತ ಗಂಡಸರಲ್ಲಿ ಸುಮಾರು ಮೂರು ಪಟ್ಟು ಜಾಸ್ತಿ. ಅಮೆರಿಕ, ಯುರೋಪಿನಲ್ಲಿ ವಯಸ್ಕರಿಗೆ ಆಹಾರ ಸಿಕ್ಕಿಕೊಳ್ಳಲು ಇದೇ ದೊಡ್ಡ ಕಾರಣಗಳಲ್ಲಿ ಒಂದು. ನಮ್ಮಲ್ಲಿ ಅಷ್ಟು ಕಾಣುವುದಿಲ್ಲ. ಆದರೆ ಗೋಡೆಯ ಚೂರು ತೆಗೆದು ನೋಡದಿದ್ದರೆ ಇದು ಕಾಣುವುದೇ ಇಲ್ಲ. ಎಂಡೋಸ್ಕೋಪಿಯಲ್ಲಿ ಬಳೆ ಬಳೆಯಾಗಿ, ಗೀರು ಗೀರಾಗಿ ಕಾಣಬಹುದು. ಕೆಲವರಲ್ಲಿ ಎಲ್ಲ ಸರಿಯಾಗಿಯೇ ಕಾಣುತ್ತದೆ.

ಉಳಿದ ಕಾರಣಗಳು ನಿಮಗೆ ಹೊಂದುವುದಿಲ್ಲ, ಆದರೂ ಓದುವ ಬೇರೆಯವರಿಗಾಗಿ ಹೇಳುತ್ತೇನೆ. ನಲವತ್ತು ದಾಟಿದ ಹೆಂಗಸರು ಬರುತ್ತಾರೆ. ಬಿಳಿಚಿದ ಮುಖ, ಚಮಚದ ಹಾಗೆ ಗುಳಿಬಿದ್ದ ಉಗುರು, ಬಾಯಿಯ ಮೂಲೆಯಲ್ಲಿ ಬಿರುಕು. ವರ್ಷಗಳಿಂದ ಗಂಜಿ, ಅಂಬಲಿಯಲ್ಲೇ ಇರುತ್ತಾರೆ. 'ನಂಗೆ ಮೊದಲಿಂದ್ಲೂ ಗಂಟಲು ಸಣ್ಣ' ಅನ್ನುತ್ತಾರೆ. ಅದು ಕಬ್ಬಿಣದ ಕೊರತೆ. ಅದರ ಜೊತೆಗೆ ಅನ್ನನಾಳದ ಮೇಲ್ತುದಿಯಲ್ಲಿ ತೆಳ್ಳನೆ ಪೊರೆ ಬೆಳೆದಿರುತ್ತದೆ. ಕಬ್ಬಿಣದ ಮಾತ್ರೆ ಕೊಟ್ಟು, ಪೊರೆ ಹಿಗ್ಗಿಸಿದರೆ ಅವರು ಮತ್ತೆ ರೊಟ್ಟಿ ತಿನ್ನುತ್ತಾರೆ. ಅದನ್ನು ಹಾಗೇ ಬಿಟ್ಟರೆ ಮುಂದೆ ಆ ಜಾಗದಲ್ಲಿ ಕ್ಯಾನ್ಸರ್ ಬರುವ ಸಂಭವ ಇದೆ. ಹಾಗಾಗಿ ಮನೆಯಲ್ಲಿ ಅಮ್ಮ, ಅತ್ತೆ, ಅಕ್ಕ ಯಾರಾದರೂ ಹೀಗೆ ಗಂಜಿಯಲ್ಲೇ ದಿನ ದೂಡುತ್ತಿದ್ದರೆ ದಯವಿಟ್ಟು ಕರೆದುಕೊಂಡು ಹೋಗಿ. ಗಟ್ಟಿ ಆಹಾರ, ನೀರು ಎರಡೂ ಮೊದಲಿನಿಂದಲೇ ತಡೆಯುತ್ತಿದ್ದು, ರಾತ್ರಿ ಮಲಗಿದಾಗ ತಿಂದದ್ದು ಬಾಯಿಗೆ ಬರುತ್ತಿದ್ದರೆ ಅದು ಅಕಲೇಸಿಯಾ, ಹೊಟ್ಟೆಯ ಬಾಗಿಲು ಸಡಿಲಗೊಳ್ಳದ ಕಾಯಿಲೆ. ಅದಕ್ಕೆ ಬೇರೆ ಪರೀಕ್ಷೆ, ಬೇರೆ ಚಿಕಿತ್ಸೆ.

ಕ್ಯಾನ್ಸರ್ ಬಗ್ಗೆ ನೇರವಾಗಿ ಹೇಳುತ್ತೇನೆ. ಅನ್ನನಾಳದ ಕ್ಯಾನ್ಸರ್ ಆರು ವರ್ಷ ಹೀಗೆ ಬಂದು ಹೋಗಿ ಮಾಡುವುದಿಲ್ಲ. ಮೊದಲು ರೊಟ್ಟಿ, ಆಮೇಲೆ ಅನ್ನ, ಆಮೇಲೆ ಗಂಜಿ, ಕೊನೆಗೆ ನೀರು, ಹೀಗೆ ಕೆಲವೇ ತಿಂಗಳಲ್ಲಿ ದಾರಿ ಮುಚ್ಚುತ್ತಾ ಹೋಗುತ್ತದೆ. ತೂಕ ಇಳಿಯುತ್ತದೆ. ಬೀಡಿ, ಹೊಗೆಸೊಪ್ಪು, ಅಡಿಕೆ, ಹೆಂಡ, ಇವುಗಳ ಚರಿತ್ರೆ ಹೆಚ್ಚಾಗಿ ಹಿಂದಿರುತ್ತದೆ. ನಿಮ್ಮದು ಆ ಚಿತ್ರ ಅಲ್ಲ. ಆದರೆ ಪತ್ರ ಓದಿ ಯಾರೂ 'ಇಲ್ಲ' ಅಂತ ಬರೆದುಕೊಡಬಾರದು, ನಾನೂ ಬರೆದುಕೊಡುವುದಿಲ್ಲ. ಎಂಡೋಸ್ಕೋಪಿ ಆ ಅನುಮಾನವನ್ನೂ ತೀರಿಸುತ್ತದೆ.

ಅವತ್ತು ತುಂಡು ತೆಗೆದ ವೈದ್ಯರು 'ಮತ್ತೆ ಬನ್ನಿ' ಎಂದದ್ದು ಇದಕ್ಕೇ. ತುರ್ತಿನಲ್ಲಿ ಎಲ್ಲವನ್ನೂ ನೋಡಲು ಆಗಿರುವುದಿಲ್ಲ. ಈಗ ಹೋಗಿ. ಹಳೆಯ ವರದಿ ತಗೊಂಡು ಹೋಗಿ. ಎಂಡೋಸ್ಕೋಪಿ ಮಾಡುವಾಗ ಅನ್ನನಾಳದ ಮೇಲೆ, ಕೆಳಗೆ ಎರಡೂ ಕಡೆಯಿಂದ ಕನಿಷ್ಠ ಆರು ಚೂರು ಬಯಾಪ್ಸಿ ತೆಗೆಯಬೇಕು ಅಂತ ನೀವೇ ಕೇಳಬಹುದು, ಕೇಳುವುದರಲ್ಲಿ ತಪ್ಪಿಲ್ಲ. ಬಯಾಪ್ಸಿ ಅಂದ ತಕ್ಷಣ ಕ್ಯಾನ್ಸರ್ ಅಂತಲ್ಲ. ಸೂಕ್ಷ್ಮದರ್ಶಕದಲ್ಲಿ ಒಂದು ನೋಟಕ್ಕೆ 15 ಅಥವಾ ಹೆಚ್ಚು ಇಯೊಸಿನೊಫಿಲ್ ಕಂಡರೆ ಅಲರ್ಜಿ ಊತದ ರೋಗ ಬಹುಮಟ್ಟಿಗೆ ಖಚಿತ. ಪ್ಯಾಂಟೊಪ್ರಜೋಲ್ ತಗೊಳ್ಳುವುದನ್ನು ಮುಚ್ಚಿಡಬೇಡಿ. ಆ ಮಾತ್ರೆಯೇ ಊತವನ್ನು ಸ್ವಲ್ಪ ಇಳಿಸಿ ಬಯಾಪ್ಸಿಯಲ್ಲಿ ರೋಗ ಕಾಣದಂತೆ ಮಾಡಬಹುದು. ನಿಲ್ಲಿಸಬೇಕಾ, ಎಷ್ಟು ದಿನ ಅನ್ನುವುದನ್ನು ನಿಮ್ಮನ್ನು ನೋಡುವ ವೈದ್ಯರೇ ಹೇಳಲಿ.

ಅಲರ್ಜಿ ಊತ ಅಂತಾದರೆ ದಾರಿಗಳು ಹಲವು. ಅದೇ ಪ್ಯಾಂಟೊಪ್ರಜೋಲ್ ಜಾತಿಯ ಮಾತ್ರೆಯನ್ನು ಸರಿಯಾದ ಪ್ರಮಾಣದಲ್ಲಿ, ಊಟಕ್ಕೆ ಅರ್ಧ ಗಂಟೆ ಮೊದಲು, ಎರಡು ಮೂರು ತಿಂಗಳು ತಪ್ಪದೆ ತಗೊಂಡರೆ ಸುಮಾರು ಅರ್ಧದಷ್ಟು ಜನರಿಗೆ ಊತ ಇಳಿಯುತ್ತದೆ. ಎದೆ ಉರಿದಾಗ ಒಂದು ನುಂಗುವುದು ಚಿಕಿತ್ಸೆ ಅಲ್ಲ. ಇನ್ನೊಂದು, ಉಬ್ಬಸಕ್ಕೆ ಎಳೆದುಕೊಳ್ಳಲು ಕೊಡುವ ಬುಡೆಸೊನೈಡ್, ಫ್ಲೂಟಿಕಾಸೋನ್‌ಗಳನ್ನೇ ಇಲ್ಲಿ ನುಂಗಿಸುವುದು. ಸ್ಟಿರಾಯ್ಡ್ ಅಂತ ಹೆದರುವವರು ಬಹಳ. ಇದು ಅನ್ನನಾಳದ ಗೋಡೆಗೆ ಸವರುವ ಮುಲಾಮಿನ ಹಾಗೆ, ಮೈಗೆ ಸೇರುವುದು ಕಡಿಮೆ. ಬಾಯಲ್ಲಿ, ಗಂಟಲಲ್ಲಿ ಬಿಳಿ ಶಿಲೀಂಧ್ರ ಬರಬಹುದು, ಅದಕ್ಕೆ ಔಷಧ ಇದೆ. ಮೂರನೆಯದು ಪಥ್ಯ. ಹಾಲು, ಗೋಧಿ, ಮೊಟ್ಟೆ, ಸೋಯಾ, ಕಡಲೆಕಾಯಿ ಮತ್ತು ಬೀಜಗಳು, ಮೀನು, ಇವು ಸಾಮಾನ್ಯ ಅಪರಾಧಿಗಳು. ಆರನ್ನೂ ಬಿಡಬೇಕಾಗಿಲ್ಲ. ಹಾಲು ಮತ್ತು ಹಾಲಿನಿಂದಾದ ಎಲ್ಲವನ್ನೂ ಬಿಟ್ಟರೆ ಸುಮಾರು ಮೂವರಲ್ಲಿ ಒಬ್ಬರಿಗೆ ಅಷ್ಟರಲ್ಲೇ ಗುಣ ಕಾಣುತ್ತದೆ ಅನ್ನುವುದು ಈಚಿನ ಅಧ್ಯಯನದಿಂದ ಗೊತ್ತಾಗಿದೆ. ಎಲ್ಲ ಅಂದರೆ ಮೊಸರು, ಮಜ್ಜಿಗೆ, ಕಾಫಿಗೆ ಹಾಕುವ ಎರಡು ಚಮಚವೂ ಸೇರಿ. ನಮ್ಮವರಿಗೆ ಇದು ಸುಲಭ ಅಲ್ಲ. ರಕ್ತ ಪರೀಕ್ಷೆ ಮಾಡಿಸಿ ಯಾವ ಆಹಾರ ಆಗುವುದಿಲ್ಲ ಅಂತ ಉದ್ದದ ಪಟ್ಟಿ ಹಿಡಿದು ಬರುವವರಿದ್ದಾರೆ. ಈ ಕಾಯಿಲೆಯಲ್ಲಿ ಆ ಪಟ್ಟಿಯನ್ನು ನಂಬುವ ಹಾಗಿಲ್ಲ. ಬಿಟ್ಟು ನೋಡಿ, ಮತ್ತೆ ಬಯಾಪ್ಸಿ ಮಾಡಿಯೇ ತಿಳಿಯಬೇಕು.

ಕಿರಿದಾದ ಜಾಗವನ್ನು ಬಲೂನಿನಿಂದ ಹಿಗ್ಗಿಸುವುದು ಬೇರೆ ಮಾತು. ಕಾರಣ ಆಮ್ಲದ ಗಾಯ, ರಿಂಗ್, ಅಲರ್ಜಿ ಯಾವುದೇ ಇರಲಿ, ದಾರಿ ಬಿಗಿಯಾಗಿದ್ದರೆ ಇದು ಬೇಕಾಗುತ್ತದೆ. ಒಂದೇ ದಿನಕ್ಕೆ ಪೂರ್ತಿ ಹಿಗ್ಗಿಸುವುದಿಲ್ಲ. ಸ್ವಲ್ಪ ಸ್ವಲ್ಪವಾಗಿ, ಕೆಲವು ಸಲ ಮಾಡಿ, 15ರಿಂದ 18 ಮಿಲಿಮೀಟರಿಗೆ ತರುತ್ತೇವೆ. ಎರಡು ಮೂರು ದಿನ ಎದೆ ನೋಯುವುದು ಸಾಮಾನ್ಯ. ಗೋಡೆ ತೂತಾಗುವ ಅಪಾಯ ಇದ್ದೇ ಇದೆ, ಅದು ನೂರಕ್ಕೆ ಒಂದಕ್ಕಿಂತ ಕಡಿಮೆ. ಹಿಗ್ಗಿಸಿದ ಮರುವಾರವೇ ಜನ ಸಲೀಸಾಗಿ ಉಣ್ಣುತ್ತಾರೆ. ಅಲ್ಲೇ ಮೋಸ ಹೋಗುವುದು. ಬಲೂನು ದಾರಿಯನ್ನು ಅಗಲ ಮಾಡುತ್ತದೆ, ಊತವನ್ನು ಮುಟ್ಟುವುದಿಲ್ಲ. ಮಾತ್ರೆ ಬಿಟ್ಟವರು ವರ್ಷ ಎರಡು ವರ್ಷಕ್ಕೆ ಮತ್ತೆ ಬರುತ್ತಾರೆ.

ಮುಂದೆ ಏನಾಗುತ್ತದೆ ಎಂದು ಕೇಳಿದ್ದೀರಿ. ಸ್ವಿಟ್ಜರ್‌ಲೆಂಡಿನಲ್ಲಿ ಈ ಅಲರ್ಜಿ ಊತ ಇದ್ದ 200 ಜನರ ಲೆಕ್ಕ 2013ರಲ್ಲಿ ಪ್ರಕಟವಾಯಿತು. ತೊಂದರೆ ಶುರುವಾಗಿ ಎರಡು ವರ್ಷದೊಳಗೆ ರೋಗ ಪತ್ತೆಯಾದವರಲ್ಲಿ ಸುಮಾರು ನೂರಕ್ಕೆ 17 ಜನರ ಅನ್ನನಾಳ ಬಿಗಿದುಕೊಂಡಿತ್ತು. ಇಪ್ಪತ್ತು ವರ್ಷಕ್ಕಿಂತ ತಡವಾದವರಲ್ಲಿ ಅದು ಸುಮಾರು 71. ಕಾಯಿಲೆ ಅದೇ, ಜನ ಅಂಥವರೇ, ನಡುವೆ ಇದ್ದದ್ದು ಕಳೆದ ಕಾಲ. ಈ ಊತ ಕ್ಯಾನ್ಸರ್ ಆಗಿ ತಿರುಗುವುದು ಕಂಡುಬಂದಿಲ್ಲ, ಆಯಸ್ಸು ಕಡಿಮೆಯಾಗುವುದೂ ಇಲ್ಲ. ಆಮ್ಲದಿಂದಾದ ಗಾಯ ಆಗಿದ್ದರೆ ಸ್ವಲ್ಪ ಬೇರೆ. ಕೆಲವರಲ್ಲಿ ಅನ್ನನಾಳದ ಒಳಪದರವೇ ಬದಲಾಗುತ್ತದೆ, ಅಂಥವರನ್ನು ಕೆಲವು ವರ್ಷಕ್ಕೊಮ್ಮೆ ನೋಡುತ್ತಿರಬೇಕು. ಎರಡರಲ್ಲೂ ಔಷಧ ಬಹಳ ಕಾಲ ನಡೆಯುತ್ತದೆ. ಬಿಪಿ ಮಾತ್ರೆಯ ಹಾಗೆ ಅಂದುಕೊಳ್ಳಿ.

ಇನ್ನು ಮುದ್ದೆ. ಬಿಡಬೇಡಿ. ಪರೀಕ್ಷೆ, ಚಿಕಿತ್ಸೆ ಆಗುವ ತನಕ ಸ್ವಲ್ಪ ಬದಲಿಸಿಕೊಳ್ಳಿ ಅಷ್ಟೇ. ಮುದ್ದೆ ಮೆತ್ತಗಿರಲಿ. ತುತ್ತು ಗೋಲಿಯಷ್ಟು ಇರಲಿ, ಸಾರಿನಲ್ಲಿ ಚೆನ್ನಾಗಿ ಅದ್ದಿ. ಬಾಡನ್ನು ಮುದ್ದೆಯ ತುತ್ತಿನೊಳಗೆ ಸೇರಿಸಬೇಡಿ, ಬೇರೆಯಾಗಿ, ಬೆರಳಿನಿಂದ ನಾರು ಬಿಡಿಸಿ, ಅಗಿದು ನುಂಗಿ. ಈ ಕೆಲವು ವಾರ ಕೈಮಾ, ಕಾಲ್ಸೂಪು ಆಗಬಹುದು, ತುಂಡು ಬೇಡ. ಕುಡಿದು ಊಟಕ್ಕೆ ಕೂರಬೇಡಿ, ಆಗ ಅಗಿಯುವುದರ ಮೇಲೆ ಗಮನ ಇರುವುದಿಲ್ಲ. ಮಾತ್ರೆಯನ್ನು ಒಂದು ಲೋಟ ನೀರಿನ ಜೊತೆ ನುಂಗಿ, ಅರ್ಧ ಗಂಟೆ ಮಲಗಬೇಡಿ. ಕಿರಿದಾದ ಅನ್ನನಾಳದಲ್ಲಿ ಮಾತ್ರೆಯೂ ಅಂಟಿಕೊಂಡು ಹುಣ್ಣು ಮಾಡುತ್ತದೆ.

ಮಗಳ ವಿಷಯವನ್ನು ಕೊನೆಗೆ 'ಅಂದಹಾಗೆ' ಅಂತ ಸೇರಿಸಿದ್ದೀರಿ. ನಾನು ಅದನ್ನು ಎರಡು ಸಲ ಓದಿದೆ. ಅಲರ್ಜಿ ಊತ ಮನೆತನದಲ್ಲಿ ಹರಿಯುತ್ತದೆ. ಮಕ್ಕಳು ಸಿಕ್ಕಿಕೊಂಡಿತು ಅಂತ ಹೇಳುವುದಿಲ್ಲ. ಊಟ ಬೇಡ ಅನ್ನುತ್ತಾರೆ, ಹೊಟ್ಟೆ ನೋವು ಅನ್ನುತ್ತಾರೆ, ವಾಂತಿ ಮಾಡುತ್ತಾರೆ, ತುತ್ತನ್ನು ಕೆನ್ನೆಯಲ್ಲೇ ಇಟ್ಟುಕೊಂಡು ಕೂರುತ್ತಾರೆ. ನಾವು 'ಹಟ' ಅಂತ ಗದರುತ್ತೇವೆ. ನಿಮ್ಮ ಮಗಳಿಗೆ ಹಾಗೇನೂ ಇಲ್ಲದೆ ಇರಬಹುದು, ಸುಮ್ನೆ ಟಿವಿ ನೋಡಿಕೊಂಡು ಉಣ್ಣುವವಳೂ ಇರಬಹುದು. ಒಂದು ವಾರ ಗದರದೆ ಪಕ್ಕದಲ್ಲಿ ಕೂತು ನೋಡಿ. ಅನ್ನ-ಸಾರು ಸಲೀಸಾಗಿ ಹೋಗಿ ಚಪಾತಿ, ಮಾಂಸ, ಬ್ರೆಡ್ಡಿಗೆ ಮಾತ್ರ ನೀರು ಕೇಳುತ್ತಾಳಾ, ಚರ್ಮದಲ್ಲಿ ಕೆರೆತ, ಉಬ್ಬಸ ಇದೆಯಾ, ಎತ್ತರ ತೂಕ ಸರಿಯಾಗಿ ಏರುತ್ತಿದೆಯಾ, ಬರೆದಿಡಿ. ನಿಮ್ಮ ಬಯಾಪ್ಸಿ ವರದಿ ಬಂದ ಮೇಲೆ ಆ ಚೀಟಿಯನ್ನೂ ವರದಿಯನ್ನೂ ಮಕ್ಕಳ ವೈದ್ಯರಿಗೆ ಒಟ್ಟಿಗೇ ತೋರಿಸಿ.